ಕಿಂಗ್ ಕೌಂಟಿಯ ಒಳಚರಂಡಿ ಮತ್ತು ಕಸ ಮರುಬಳಕೆ ಸೇವೆಗಳು

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಕಡಲ ಚಾಚಿನ ದಂಡೆಯಲ್ಲಿ ಕಿಂಗ್ ಕೌಂಟಿ ಇದೆ. ಅದರ ಕೇಂದ್ರ ಸಿಯಾಟಲ್. 2020ರ ಜನಗಣತಿಯಂತೆ ಜನಸಂಖ್ಯೆ 22,69,675. ಒಳಗೆ 39 ನಗರ, ಪಟ್ಟಣಗಳಿವೆ. ಕೌಂಟಿ ಎಂಬುದು ನಮ್ಮ ಜಿಲ್ಲೆಗೆ ಹತ್ತಿರದ ಆಡಳಿತ ಘಟಕವಾದರೂ ಅದಕ್ಕೆ ಜನರೇ ಆರಿಸಿದ ಮುಖ್ಯಸ್ಥರಿದ್ದಾರೆ, ಒಂಬತ್ತು ಸದಸ್ಯರ ಕೌನ್ಸಿಲ್ ಇದೆ, ಸ್ವಂತವಾಗಿ ಸಾಲ ಎತ್ತುವ ಅಧಿಕಾರವಿದೆ. ಊರುಗಳ ಕೊಳಚೆ ನೀರನ್ನು ಒಟ್ಟು ಮಾಡಿ ಶುದ್ಧೀಕರಿಸುವುದು, ಕಸವನ್ನು ಹೂಳುವುದು, ಮರುಬಳಕೆಯ ದಾರಿ ರೂಪಿಸುವುದು ಇಲ್ಲಿ ಕೌಂಟಿಯ ಹೊಣೆ. ಎರಡೂ ಸೇವೆಗಳ ಖರ್ಚು ಸಾಮಾನ್ಯ ತೆರಿಗೆಯಿಂದಲ್ಲ, ಬಳಸುವವರ ಶುಲ್ಕದಿಂದ ತೂಗಬೇಕು.

ಈ ವ್ಯವಸ್ಥೆಯ ಬೆನ್ನೆಲುಬು 1960ರ ದಶಕದ್ದು. ಎರಡು ದೊಡ್ಡ ಶುದ್ಧೀಕರಣ ಘಟಕಗಳು, ಮುಖ್ಯ ಕೊಳವೆಗಳು, ಕಸ ಹೂಳುವ ತಾಣ, ಕಸ ವರ್ಗಾವಣೆ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ ಎದ್ದವು. ಆದ್ದರಿಂದಲೇ ಹಳತಾಗುವುದೂ ಒಟ್ಟೊಟ್ಟಿಗೆ ಆಗುತ್ತಿದೆ. ಮೊದಲ ಸಲ ಕಟ್ಟುವಾಗ ಜನರ ಕಣ್ಣೆದುರು ಕೊಳೆತ ಸರೋವರವಿತ್ತು, ಅದನ್ನು ಉಳಿಸುವ ಹುಮ್ಮಸ್ಸಿತ್ತು. ಈಗ ಬದಲಿಸಬೇಕಾದ ಪಂಪು, ಕವಾಟ, ಕೊಳವೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ; ಬಿಲ್ಲು ಮಾತ್ರ ಬೀಳುತ್ತದೆ.

ಸರೋವರದಿಂದ ಶುರು

ಸಿಯಾಟಲ್‌ನ ಪೂರ್ವಕ್ಕೆ ಉದ್ದಕ್ಕೆ ಹಬ್ಬಿರುವ ವಾಷಿಂಗ್ಟನ್ ಸರೋವರದ ಸುತ್ತ ಎರಡನೆಯ ಮಹಾಯುದ್ಧದ ನಂತರ ಬಡಾವಣೆಗಳು ಬೆಳೆದವು. ಪ್ರತಿ ಊರೂ ತನ್ನದೇ ಸಣ್ಣ ಶುದ್ಧೀಕರಣ ಘಟಕ ಕಟ್ಟಿಕೊಂಡು ನೀರನ್ನು ಸರೋವರಕ್ಕೆ ಬಿಟ್ಟಿತು. 1950ರ ದಶಕದ ನಡುವಿಗೆ ಅಂಥ ಹತ್ತು ಘಟಕಗಳಿದ್ದವು. ನೀರಿನಲ್ಲಿದ್ದ ರೋಗಾಣುಗಳನ್ನು ಅವು ತಕ್ಕಮಟ್ಟಿಗೆ ತೆಗೆಯುತ್ತಿದ್ದವು, ಪಾಚಿಯನ್ನು ಬೆಳೆಸುವ ರಂಜಕವನ್ನು ತೆಗೆಯುತ್ತಿರಲಿಲ್ಲ. 1955ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಡಬ್ಲ್ಯು. ಥಾಮಸ್ ಎಡ್ಮಂಡ್‌ಸನ್ ಅವರ ತಂಡಕ್ಕೆ ಸರೋವರದಲ್ಲಿ ಆಸಿಲಟೋರಿಯ ರುಬೆಸೆನ್ಸ್ ಎಂಬ ಪಾಚಿ ಜಾತಿಯ ಸೂಕ್ಷ್ಮಜೀವಿ ಕಾಣಿಸಿತು. ಯೂರೋಪಿನ ಕೆಲವು ಸರೋವರಗಳು ಕೆಡುವ ಮುನ್ನ ಇದೇ ಜೀವಿ ಮೊದಲು ತಲೆಯೆತ್ತಿದ್ದು ಅವರಿಗೆ ಗೊತ್ತಿತ್ತು. ಮುಂದೇನಾಗುತ್ತದೆ ಎಂದು ಅವರು ಮೊದಲೇ ಹೇಳಿದರು, ಹಾಗೆಯೇ ಆಯಿತು. 1964ರ ಹೊತ್ತಿಗೆ ಬೇಸಿಗೆಯಲ್ಲಿ ನೀರಿನೊಳಗೆ ಕಣ್ಣು ಹಾಯುವ ಆಳ ಒಂದು ಮೀಟರಿಗಿಂತ ಕಡಿಮೆಯಾಗಿತ್ತು. ದಡಕ್ಕೆ ಬಂದು ಕೊಳೆಯುವ ಪಾಚಿಯ ನಾತಕ್ಕೆ ಪತ್ರಿಕೆಗಳು ಸರೋವರಕ್ಕೆ ಅಡ್ಡಹೆಸರನ್ನೇ ಇಟ್ಟವು.

ಈ ವಿಜ್ಞಾನವನ್ನು ಆಡಳಿತದ ರೂಪಕ್ಕೆ ತಂದವರಲ್ಲಿ ಮುಂದಾಳು ಜೇಮ್ಸ್ ಎಲ್ಲಿಸ್ ಎಂಬ ವಕೀಲರು. ಊರೂರಿನ ಗಡಿ ದಾಟಿ ಕೆಲಸ ಮಾಡುವ ಒಂದು ಪ್ರಾದೇಶಿಕ ಸಂಸ್ಥೆ ಬೇಕೆಂಬುದು ಅವರ ವಾದ. 1958ರ ಮಾರ್ಚ್‌ನಲ್ಲಿ ಮೊದಲ ಮತದಾನ ನಡೆದಾಗ ಒಳಚರಂಡಿಯ ಜತೆಗೆ ಸಾರಿಗೆ, ನಗರ ಯೋಜನೆಗಳನ್ನೂ ಸೇರಿಸಲಾಗಿತ್ತು. ಸಿಯಾಟಲ್ ನಗರ ಒಪ್ಪಿತು, ಹೊರವಲಯದ ಊರುಗಳು ಒಪ್ಪಲಿಲ್ಲ. ಎರಡೂ ಕಡೆ ಬಹುಮತ ಬೇಕಾಗಿದ್ದರಿಂದ ಪ್ರಸ್ತಾವ ಬಿದ್ದುಹೋಯಿತು. ಆ ಬೇಸಿಗೆ ಸರೋವರದ ಸ್ಥಿತಿ ಇನ್ನಷ್ಟು ಹದಗೆಟ್ಟಿತು. ಸೆಪ್ಟೆಂಬರಿನಲ್ಲಿ ಒಳಚರಂಡಿಯನ್ನಷ್ಟೇ ಮುಂದಿಟ್ಟು ಮತ್ತೆ ಮತ ಕೇಳಿದಾಗ ಜನ ಒಪ್ಪಿದರು. ಹೀಗೆ ಹುಟ್ಟಿದ ಸಂಸ್ಥೆಗೆ ಮೆಟ್ರೋ ಎಂದು ಹೆಸರಾಯಿತು.

ಮೆಟ್ರೋ ಬಾಂಡುಗಳ ಮೂಲಕ ಸಾಲ ಎತ್ತಿತು, ಅದನ್ನು ತೀರಿಸಲು ಮನೆಯೊಂದಕ್ಕೆ ತಿಂಗಳಿಗೆ 2 ಡಾಲರ್ ಶುಲ್ಕ ಇಟ್ಟಿತು. ಆ ಕಾಲಕ್ಕೆ ದೇಶದಲ್ಲೇ ಅತಿ ದುಬಾರಿಯಾದ ಜಲಮಾಲಿನ್ಯ ನಿವಾರಣೆಯ ಯೋಜನೆಗಳಲ್ಲಿ ಇದೂ ಒಂದು. ಸರೋವರಕ್ಕೆ ಬೀಳುತ್ತಿದ್ದ ನೀರನ್ನು 1963ರಿಂದ ಹಂತಹಂತವಾಗಿ ತಿರುಗಿಸಿ, 1968ಕ್ಕೆ ಪೂರ್ತಿ ನಿಲ್ಲಿಸಲಾಯಿತು. ರಂಜಕ ಇಳಿಯಿತು, ಪಾಚಿ ಇಳಿಯಿತು. 1976ರ ಸುಮಾರಿಗೆ ಪಾಚಿ ತಿನ್ನುವ ಡಾಫ್ನಿಯ ಎಂಬ ನೀರುಚಿಗಟಗಳು ನೆಲೆಯೂರಿ ನೀರು ಹಿಂದೆಂದಿಗಿಂತ ತಿಳಿಯಾಯಿತು. ಇಂದಿಗೂ ಸರೋವರ ವಿಜ್ಞಾನದ ಪಠ್ಯಗಳಲ್ಲಿ ಈ ಉದಾಹರಣೆ ಬರುತ್ತದೆ.

ಪಠ್ಯಗಳು ಒತ್ತಿ ಹೇಳದ ಸಂಗತಿಯೂ ಒಂದಿದೆ. ಸರೋವರದ ಕೊಳಚೆ ಮಾಯವಾಗಲಿಲ್ಲ, ಕಡಲಿಗೆ ಹೋಯಿತು. ಪ್ಯೂಜೆಟ್ ಸೌಂಡ್ ಆಳವಾದದ್ದು, ಉಬ್ಬರವಿಳಿತ ಬಲವಾದದ್ದು, ಎಷ್ಟನ್ನಾದರೂ ಅರಗಿಸಿಕೊಳ್ಳುತ್ತದೆ ಎಂಬುದು ಅಂದಿನ ಲೆಕ್ಕಾಚಾರ. ವೆಸ್ಟ್ ಪಾಯಿಂಟ್ ಘಟಕ ಸುಮಾರು ಮೂರು ದಶಕ ಕಾಲ ಕೇವಲ ಮೊದಲ ಹಂತದ ಶುದ್ಧೀಕರಣ ಮಾಡಿ ನೀರನ್ನು ಅಲ್ಲಿಗೆ ಬಿಟ್ಟಿತು. ಈಗ ಕಡಲಿನ ಕೆಲವು ಕೊಲ್ಲಿಗಳಲ್ಲಿ ಆಮ್ಲಜನಕ ತಗ್ಗುತ್ತಿರುವುದಕ್ಕೆ ಈ ನೀರಿನಲ್ಲಿರುವ ಸಾರಜನಕವೇ ಕಾರಣವೆಂಬ ವಾದ ಎದ್ದಿದೆ. ರಾಜ್ಯದ ಪರಿಸರ ಇಲಾಖೆ 2022ರಿಂದ ಜಾರಿಗೆ ತಂದ ಸಾರಜನಕ ಮಿತಿಯ ಪರವಾನಗಿ ಕಾನೂನು ಹೋರಾಟಕ್ಕೆ ಸಿಕ್ಕಿತು. ಸರೋವರಕ್ಕೆ ರಂಜಕ ಹೇಗೋ ಕಡಲಿಗೆ ಸಾರಜನಕ ಹಾಗೆ. ಅದನ್ನು ತೆಗೆಯಲು ಬೇಕಾಗುವ ತೊಟ್ಟಿ, ಗಾಳಿಯಂತ್ರ, ಜಾಗಗಳ ಖರ್ಚು ಮಾತ್ರ 1960ರ ದಶಕದ ಯೋಜನೆಯನ್ನು ಮೀರಿಸುವಂಥದು.

ಆಡಳಿತ

ಮೆಟ್ರೋ ಕೌನ್ಸಿಲ್‌ನಲ್ಲಿ ಊರುಗಳ ಪ್ರತಿನಿಧಿಗಳು ಕೂರುತ್ತಿದ್ದ ರೀತಿ ಒಬ್ಬರಿಗೆ ಒಂದು ಮತ ಎಂಬ ಸಂವಿಧಾನದ ತತ್ವಕ್ಕೆ ವಿರುದ್ಧವೆಂದು ಫೆಡರಲ್ ನ್ಯಾಯಾಲಯ 1990ರಲ್ಲಿ ತೀರ್ಪಿತ್ತಿತು. 1992ರಲ್ಲಿ ಮತದಾರರು ವಿಲೀನಕ್ಕೆ ಒಪ್ಪಿದರು. 1994ರ ಜನವರಿ 1ರಿಂದ ಮೆಟ್ರೋ ಕೌಂಟಿಯೊಳಗೆ ಸೇರಿತು. ಮನೆಯ ಮುಂದಿನ ಬೀದಿಯ ಚರಂಡಿ ಆಯಾ ನಗರ ಅಥವಾ ಸ್ಥಳೀಯ ಒಳಚರಂಡಿ ಮಂಡಳಿಯದು. ಅಂಥ 34 ಸಂಸ್ಥೆಗಳು ತಮ್ಮ ನೀರನ್ನು ಕೌಂಟಿಯ ದೊಡ್ಡ ಕೊಳವೆಗೆ ಒಪ್ಪಿಸುತ್ತವೆ. ಸುಮಾರು 1,100 ಚದರ ಕಿಲೋಮೀಟರ್ ವ್ಯಾಪ್ತಿ, 640 ಕಿಲೋಮೀಟರಿನಷ್ಟು ಮುಖ್ಯ ಕೊಳವೆಗಳು ಕೌಂಟಿಯ ಪಾಲಿನವು. ದರ ನಿರ್ಧರಿಸುವುದು ಕೌಂಟಿ ಕೌನ್ಸಿಲ್. ಮುಂದಿನ ವರ್ಷದ ದರ ಈ ವರ್ಷದ ನಡುವಿಗೇ ನಿಗದಿಯಾಗಬೇಕೆಂಬ ಷರತ್ತು ಸ್ಥಳೀಯ ಸಂಸ್ಥೆಗಳೊಂದಿಗಿನ ಒಪ್ಪಂದದಲ್ಲಿದೆ. ದರ ಏರಿದಾಗ ಜನರ ಬೈಗುಳ ತಿನ್ನುವವರು ಬಿಲ್ಲು ಕಳಿಸುವ ಸ್ಥಳೀಯರು, ಏರಿಸಿದವರು ಕೌಂಟಿಯವರು. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ಇವರ ನಡುವೆ ತಿಕ್ಕಾಟ ಇದ್ದದ್ದೇ.

ಘಟಕಗಳು

ದೊಡ್ಡವು ಮೂರು. ರೆಂಟನ್ ಊರಿನ ದಕ್ಷಿಣ ಘಟಕ 1965ರಲ್ಲಿ, ಸಿಯಾಟಲ್‌ನ ಡಿಸ್ಕವರಿ ಪಾರ್ಕಿನ ಅಂಚಿನಲ್ಲಿ ಕಡಲಿಗೆ ಮುಖ ಮಾಡಿರುವ ವೆಸ್ಟ್ ಪಾಯಿಂಟ್ 1966ರಲ್ಲಿ ಶುರುವಾದವು. ವೆಸ್ಟ್ ಪಾಯಿಂಟ್‌ಗೆ ಎರಡನೆಯ ಹಂತದ, ಅಂದರೆ ಜೈವಿಕ ಶುದ್ಧೀಕರಣ ಬಂದದ್ದು 1995ರಲ್ಲಿ. ಮೂರನೆಯದಾದ ಬ್ರೈಟ್‌ವಾಟರ್ ನೆರೆಯ ಸ್ನೊಹೋಮಿಶ್ ಕೌಂಟಿಯ ಗಡಿಯೊಳಗಿದೆ, 2011ರಲ್ಲಿ ತೆರೆಯಿತು. ಅದರ ನೀರನ್ನು ಕಡಲಿಗೆ ಒಯ್ಯಲು 21 ಕಿಲೋಮೀಟರ್ ಸುರಂಗ ಕೊರೆಯಬೇಕಾಯಿತು. ನೆಲದಾಳದಲ್ಲಿ ಕೊರೆಯುವ ಯಂತ್ರಗಳು ಕೆಟ್ಟು ನಿಂತವು, ಬಾಕಿ ಭಾಗವನ್ನು ಬೇರೆ ಗುತ್ತಿಗೆದಾರರು ಮುಗಿಸಿದರು, ಜಗಳ ನ್ಯಾಯಾಲಯ ಹತ್ತಿತು. ಒಟ್ಟು ಯೋಜನೆಗೆ ಸುಮಾರು 180 ಕೋಟಿ ಡಾಲರ್ ಹಿಡಿಯಿತು. ವಾಶನ್ ದ್ವೀಪದಲ್ಲೂ ಕಾರ್ನೇಶನ್ ಎಂಬ ಸಣ್ಣ ಊರಿನಲ್ಲೂ ಚಿಕ್ಕ ಘಟಕಗಳಿವೆ.

ಕೊಳಚೆಯಿಂದ ಉಳಿಯುವ ರಾಡಿಯನ್ನು ಹುದುಗಿಸಿ, ಹಿಂಡಿ, ಲೂಪ್ ಎಂಬ ಹೆಸರಿನಲ್ಲಿ ಗೊಬ್ಬರವಾಗಿ ಕೊಡುತ್ತಾರೆ. ರಾಜ್ಯದ ಪೂರ್ವ ಭಾಗದ ಮಳೆಯಾಶ್ರಿತ ಗೋಧಿ ಹೊಲಗಳಿಗೂ ಮರ ಬೆಳೆಸುವ ಕಾಡುಗಳಿಗೂ ಅದು ಲಾರಿಗಳಲ್ಲಿ ಹೋಗುತ್ತದೆ. ಈಗ ಸುಲಭಕ್ಕೆ ವಿಘಟನೆಯಾಗದ ಪಿಫಾಸ್ ರಾಸಾಯನಿಕಗಳ ಭಯ ದೇಶದೆಲ್ಲೆಡೆ ಈ ಗೊಬ್ಬರದ ಬೆನ್ನು ಹತ್ತಿದೆ.

2017ರ ಫೆಬ್ರವರಿ

ಹಳತಾದ ವ್ಯವಸ್ಥೆ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ವೆಸ್ಟ್ ಪಾಯಿಂಟ್‌ನಲ್ಲಿ 2017ರ ಫೆಬ್ರವರಿ 9ರ ನಸುಕಿನಲ್ಲಿ ನಡೆದದ್ದನ್ನು ವಿವರವಾಗಿ ನೋಡಬೇಕು. ಸಿಯಾಟಲ್‌ನ ಹಳೆಯ ಬಡಾವಣೆಗಳಲ್ಲಿ ಮಳೆನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಅಂದು ಜೋರು ಮಳೆ. ಘಟಕ ತನ್ನ ಗರಿಷ್ಠ ಸಾಮರ್ಥ್ಯದಲ್ಲಿ, ಅಂದರೆ ದಿನಕ್ಕೆ 166 ಕೋಟಿ ಲೀಟರಿನ ಗತಿಯಲ್ಲಿ ನೀರು ತೆಗೆದುಕೊಳ್ಳುತ್ತಿತ್ತು. ಒಳಗಿನ ವಿದ್ಯುತ್ ಪೂರೈಕೆಯ ಒಂದು ಭಾಗ ಕಡಿದುಹೋಗಿ, ಶುದ್ಧೀಕರಿಸಿದ ನೀರನ್ನು ಕಡಲಿಗೆ ತಳ್ಳುವ ಪಂಪುಗಳು ನಿಂತವು. ಹೊರಗೆ ಹೋಗಲಾರದ ನೀರು ಹಿಂದಕ್ಕೆ ಒತ್ತಿತು. ಮೊದಲ ಹಂತದ ತೊಟ್ಟಿಗಳು ತುಂಬಿದಾಗ ಒಳಬರುವ ನೀರನ್ನು ತಾನಾಗಿ ನಿಲ್ಲಿಸಬೇಕಾದದ್ದು ತೇಲುಬುರುಡೆಯ ಸ್ವಿಚ್ಚುಗಳು. ಅವು ಸಿಕ್ಕಿಕೊಂಡಿದ್ದವು. ಹೊರದಾರಿ ಮುಚ್ಚಿತ್ತು, ಒಳದಾರಿ ತೆರೆದೇ ಇತ್ತು. ಕೆಲವೇ ನಿಮಿಷಗಳಲ್ಲಿ ನೆಲಮಾಳಿಗೆಯ ಓಣಿಗಳೂ ಮೋಟಾರು ಕೋಣೆಗಳೂ ಮುಳುಗಿದವು.

ಕೆಲಸಗಾರರು ಜೀವ ಉಳಿಸಿಕೊಂಡರು. ಕೊಳಚೆಯನ್ನು ತುರ್ತು ದಾರಿಯಿಂದ ನೇರ ಕಡಲಿಗೆ ಬಿಡುವುದಲ್ಲದೆ ಬೇರೆ ಉಪಾಯವಿರಲಿಲ್ಲ. ಆ ವಾರ ಒಟ್ಟು 89 ಕೋಟಿ ಲೀಟರಿನಷ್ಟು ನೀರು ಶುದ್ಧೀಕರಣವಿಲ್ಲದೆ ಪ್ಯೂಜೆಟ್ ಸೌಂಡ್ ಸೇರಿತು. ಅದರಲ್ಲಿ ಬಹುಪಾಲು ಮಳೆನೀರಾದರೂ ಕಚ್ಚಾ ಕೊಳಚೆ 11 ಕೋಟಿ ಲೀಟರಿನಷ್ಟಿತ್ತು. ಯಂತ್ರಗಳನ್ನು ಒಣಗಿಸಿದರೆ, ಬದಲಿಸಿದರೆ ಮುಗಿಯುವ ಕೆಲಸ ಅದಾಗಿರಲಿಲ್ಲ. ಕೊಳೆಯನ್ನು ತಿಂದು ನೀರನ್ನು ತಿಳಿಗೊಳಿಸುವ ಬ್ಯಾಕ್ಟೀರಿಯಗಳ ಸಂಸಾರವನ್ನು ಮತ್ತೆ ಬೆಳೆಸಬೇಕಿತ್ತು. ಘಟಕ ಮೊದಲ ಸ್ಥಿತಿಗೆ ಬರಲು ಮೇ ತಿಂಗಳಾಯಿತು. ಸ್ವತಂತ್ರ ತಜ್ಞರು ತನಿಖೆ ಮಾಡಿ, ಒಂದು ಕೆಟ್ಟರೆ ಇನ್ನೊಂದು ನೆರವಿಗೆ ಬರುವ ಏರ್ಪಾಡು ಸಾಲದು, ತುರ್ತು ಹೊತ್ತಿನ ತರಬೇತಿ ಸಾಲದು ಎಂದರು. ರಾಜ್ಯ ಸರ್ಕಾರ ದಂಡ ಹಾಕಿತು.

ಈ ಘಟಕಕ್ಕೆ ವಯಸ್ಸಾಗಿತ್ತು ಎನ್ನುವುದು ಅರ್ಧ ಸತ್ಯ. 1995ರಲ್ಲಿ ಅದನ್ನು ಹಿಗ್ಗಿಸುವಾಗ ಸುತ್ತಲಿನ ಉದ್ಯಾನವನ್ನು ಕಾಪಾಡಬೇಕೆಂಬ ಒತ್ತಾಯಕ್ಕೆ ಮಣಿದು ಎಲ್ಲವನ್ನೂ ಇಕ್ಕಟ್ಟಿನ ಜಾಗದಲ್ಲಿ ಅಡಕಿದ್ದರು. ಹೆಚ್ಚುವರಿ ತೊಟ್ಟಿಗೆ, ಉಕ್ಕಿದ ನೀರು ನಿಲ್ಲುವುದಕ್ಕೆ ತೆರಪೇ ಇರಲಿಲ್ಲ. ಆ ಉದ್ಯಾನವನ್ನು ಪ್ರೀತಿಸಿದವರನ್ನು ದೂರುವಂತಿಲ್ಲ. ಆದರೆ ಅಂದಿನ ಆಯ್ಕೆಯ ಬೆಲೆ ಇಂದಿನ ದುರಸ್ತಿ ಪಟ್ಟಿಯಲ್ಲಿ ಸೇರಿಕೊಂಡಿದೆ.

ಮಳೆ ಬಂದಾಗ ಬೆರಕೆ ಕೊಳವೆಗಳು ಉಕ್ಕಿ ಕಡಲು, ಕಾಲುವೆಗಳಿಗೆ ಹರಿಯುವುದನ್ನು ತಡೆಯುವ ಕೆಲಸವೂ ಬಾಕಿ ಇದೆ. ಒಂದೊಂದು ಉಕ್ಕುಬಾಯಿಯೂ ಸರಾಸರಿ ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ಉಕ್ಕಬಾರದು ಎಂಬುದು ರಾಜ್ಯದ ನಿಯಮ. ಇದಕ್ಕಾಗಿ ಕೌಂಟಿ 2013ರಲ್ಲಿ ಫೆಡರಲ್ ಸರ್ಕಾರದೊಂದಿಗೆ ನ್ಯಾಯಾಲಯದ ಮೂಲಕ ಒಪ್ಪಂದ ಮಾಡಿಕೊಂಡಿತು. ಸಿಯಾಟಲ್‌ನ ಜಾರ್ಜ್‌ಟೌನ್ ಬಡಾವಣೆಯಲ್ಲಿ 2022ರಲ್ಲಿ ತೆರೆದ ಮಳೆಗಾಲದ ಘಟಕ ದಿನಕ್ಕೆ 26 ಕೋಟಿ ಲೀಟರ್ ನೀರನ್ನು ಸಂಸ್ಕರಿಸಬಲ್ಲದು, ಮಳೆಯಿಲ್ಲದಾಗ ಸುಮ್ಮನಿರುತ್ತದೆ. ಸಿಯಾಟಲ್ ನಗರದ ಜತೆಗೂಡಿ ಹಡಗು ಕಾಲುವೆಯ ಪಕ್ಕ 4.3 ಕಿಲೋಮೀಟರಿನ ಶೇಖರಣಾ ಸುರಂಗವನ್ನೂ ಕೊರೆದಿದ್ದಾರೆ. ಸುರಂಗ ಕೊರೆದ ಯಂತ್ರಕ್ಕೆ ಜನರಿಂದ ಮತ ಹಾಕಿಸಿ ಊರಿನದೇ ರಾಕ್ ತಂಡವೊಂದರ ಹೆಸರಾದ ಮಡ್‌ಹನಿ ಎಂದು ಹೆಸರಿಟ್ಟರು. ಕೊಳಚೆಯ ಯೋಜನೆಯೊಂದಕ್ಕೆ ಜನರಿಂದ ನಗು ಸಿಕ್ಕಿದ ಅಪರೂಪದ ಸಂದರ್ಭ ಅದು.

ಹಣದ ದಾರಿ

1972ರ ಶುದ್ಧ ಜಲ ಕಾಯಿದೆಯ ನಂತರ ಫೆಡರಲ್ ಸರ್ಕಾರ ಒಳಚರಂಡಿ ಘಟಕಗಳ ಖರ್ಚಿನ ಶೇ. 75ರಷ್ಟನ್ನು ಅನುದಾನವಾಗಿ ಕೊಡುತ್ತಿತ್ತು. 1981ರ ತಿದ್ದುಪಡಿ ಆ ಪಾಲನ್ನು ಶೇ. 55ಕ್ಕೆ ಇಳಿಸಿತು, 1987ರ ತಿದ್ದುಪಡಿ ಅನುದಾನವನ್ನೇ ಕೈಬಿಟ್ಟು, ರಾಜ್ಯಗಳ ಮೂಲಕ ಕಡಿಮೆ ಬಡ್ಡಿಯ ಸಾಲ ಕೊಡುವ ಆವರ್ತ ನಿಧಿಯನ್ನು ತಂದಿತು. ಅನುದಾನ ಸಾಲವಾದ ಈ ತಿರುವೇ ದೇಶದ ಇಂದಿನ ಒಳಚರಂಡಿ ಹಣಕಾಸಿನ ಬುಡ. 2014ರಲ್ಲಿ ದೊಡ್ಡ ಯೋಜನೆಗಳಿಗಾಗಿ ವಿಫಿಯ ಎಂಬ ಇನ್ನೊಂದು ಫೆಡರಲ್ ಸಾಲ ಯೋಜನೆ ಬಂತು. ಅದರ ಮೊಟ್ಟಮೊದಲ ಸಾಲ, 13.45 ಕೋಟಿ ಡಾಲರ್, 2018ರಲ್ಲಿ ಕಿಂಗ್ ಕೌಂಟಿಯ ಜಾರ್ಜ್‌ಟೌನ್ ಘಟಕಕ್ಕೇ ಸಿಕ್ಕಿತು. 2021ರ ಮೂಲಸೌಕರ್ಯ ಕಾಯಿದೆ ಆವರ್ತ ನಿಧಿಗೆ ಮತ್ತಷ್ಟು ಹಣ ಸುರಿಯಿತು. ಎಷ್ಟು ಸುರಿದರೂ ಅದರ ದೊಡ್ಡ ಪಾಲು ಸಾಲ, ತೀರಿಸುವವರು ಬಳಕೆದಾರರೇ.

ಬಳಕೆದಾರರ ಮಾಸಿಕ ಶುಲ್ಕ 2023ರಲ್ಲಿ 52.11 ಡಾಲರ್, 2024ರಲ್ಲಿ 55.11, 2025ರಲ್ಲಿ 58.28. ಇದು ಕೌಂಟಿಯ ಸಗಟು ದರ ಮಾತ್ರ. ಸ್ಥಳೀಯ ಸಂಸ್ಥೆ ತನ್ನ ಬೀದಿ ಕೊಳವೆಗಳ ಖರ್ಚನ್ನು ಇದರ ಮೇಲೆ ಸೇರಿಸುತ್ತದೆ. ಒಂಟಿ ಮನೆಗೆ ಎಷ್ಟು ನೀರು ಬಳಸಿದರೂ ಒಂದೇ ಮೊತ್ತ. ಅಪಾರ್ಟ್‌ಮೆಂಟು, ಹೋಟೆಲು, ಕಚೇರಿಗಳಿಗೆ ತಿಂಗಳ 750 ಘನ ಅಡಿ, ಅಂದರೆ ಸುಮಾರು 21,200 ಲೀಟರ್ ನೀರಿಗೆ ಒಂದು ಮನೆಯೆಂದು ಲೆಕ್ಕ. ಪಿಂಚಣಿಯಲ್ಲಿ ಬದುಕುವ ಒಂಟಿ ಮುದುಕಿಗೂ ಆರು ಜನರ ಸಿರಿವಂತ ಕುಟುಂಬಕ್ಕೂ ಸಮನಾದ ಶುಲ್ಕ. ಮಾಸಿಕ 2 ಡಾಲರಿನ ಕಾಲದಲ್ಲಿ ಇದು ಯಾರಿಗೂ ಚುಚ್ಚಿರಲಿಲ್ಲ. ಈಗ ಚುಚ್ಚುತ್ತದೆ. ಬಡವರ ನೀರಿನ ಬಿಲ್ಲಿಗೆ ನೆರವಾಗಲು ಫೆಡರಲ್ ಸರ್ಕಾರ ಕೋವಿಡ್ ಕಾಲದಲ್ಲಿ ತಂದ ತಾತ್ಕಾಲಿಕ ಯೋಜನೆಯೂ ಮುಗಿದುಹೋಯಿತು.

ಅಪಾರ್ಟ್‌ಮೆಂಟುಗಳಲ್ಲಿ ಮಿತವಾಗಿ ನೀರು ಹರಿಸುವ ನಲ್ಲಿ, ಶೌಚಾಲಯಗಳು ಬಂದಷ್ಟೂ ನೀರು ಉಳಿಯುತ್ತದೆ. ಶುಲ್ಕ ಲೆಕ್ಕದ ಘಟಕಗಳೂ ಇಳಿಯುತ್ತವೆ. ಇತ್ತ ಕೊಳವೆಯ ವಯಸ್ಸಾಗಲಿ ಸಾಲದ ಬಡ್ಡಿಯಾಗಲಿ ಇಳಿಯುವುದಿಲ್ಲ. ಹೀಗೆ ಜನ ಒಳ್ಳೆಯ ನಡತೆ ಕಲಿತದ್ದಕ್ಕೆ ಪ್ರತಿ ಘಟಕದ ದರ ಏರುತ್ತದೆ. ಇದೇ ತೊಡಕು ಕಸದ ವಿಭಾಗದಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ.

ಊರು ಬೆಳೆಯುವ ಖರ್ಚನ್ನು ಹೊಸಬರೇ ಕೊಡಲಿ ಎಂಬ ತತ್ವದ ಮೇಲೆ 1990ರ ಫೆಬ್ರವರಿ 1ರಿಂದ ಸಾಮರ್ಥ್ಯ ಶುಲ್ಕ ಜಾರಿಗೆ ಬಂತು. ಆ ದಿನದ ನಂತರ ಒಳಚರಂಡಿಗೆ ಸೇರಿದ ಪ್ರತಿ ಕಟ್ಟಡ 15 ವರ್ಷಗಳ ಕಾಲ ಈ ಹೆಚ್ಚುವರಿ ಹಣ ಕೊಡಬೇಕು. ಈಚಿನ ವರ್ಷಗಳಲ್ಲಿ ಸೇರಿದ ಮನೆಗೆ ಅದು ತಿಂಗಳಿಗೆ 70 ಡಾಲರಿಗೂ ಮೇಲಿದೆ. 70 ಎಂದೇ ಹಿಡಿದರೂ 15 ವರ್ಷಕ್ಕೆ 12,600 ಡಾಲರ್. ಬೆಲ್ವ್ಯೂ, ರೆಡ್ಮಂಡ್, ಸಮಾಮಿಶ್ ಕಡೆಯ ಸಾಫ್ಟ್‌ವೇರ್ ಕಂಪನಿಗಳಿಗೆ ಕರ್ನಾಟಕದಿಂದ ಹೋಗಿ ನೆಲೆಸಿ, ಹೊಸ ಮನೆ ಕೊಂಡ ಕನ್ನಡಿಗರೂ ಈ ಶುಲ್ಕದ ವ್ಯಾಪ್ತಿಯಲ್ಲಿ ಬರುತ್ತಾರೆ. ನೀರಿನ ಬಿಲ್ಲಿನಲ್ಲಿ ಸೇರದೆ ಕೌಂಟಿಯಿಂದ ನೇರವಾಗಿ ಬರುವುದರಿಂದ ಹೊಸ ಮನೆಯವರನ್ನು ಇದು ಬೆಚ್ಚಿಬೀಳಿಸುವುದುಂಟು. ತತ್ವ ಸರಿಯೇ. ಆದರೆ ಮನೆಗಳ ಬೆಲೆ ಮೊದಲೇ ಗಗನಕ್ಕೇರಿದ ಪ್ರದೇಶದಲ್ಲಿ ಇದು ಹೊಸ ಮನೆಯ ಮೇಲೆ ಕೂರುವ ಇನ್ನೊಂದು ಹೊರೆ. ಹಳೆಯ ಮನೆಯವರ ಕೊಳವೆಗಳನ್ನು ಅಂದಿನವರು ಅಗ್ಗದ ದರದಲ್ಲಿ ಕಟ್ಟಿಕೊಟ್ಟು ಹೋಗಿದ್ದಾರೆಂಬುದನ್ನೂ ಮರೆಯುವಂತಿಲ್ಲ.

ಶುಲ್ಕದ ದೊಡ್ಡ ಪಾಲು ಹಳೆಯ ಬಾಂಡುಗಳ ಅಸಲು, ಬಡ್ಡಿಗೆ ಹೋಗುತ್ತದೆ. ಐವತ್ತು, ಅರವತ್ತು ವರ್ಷ ಬಾಳುವ ಘಟಕಕ್ಕೆ ಮೂವತ್ತು ವರ್ಷದ ಸಾಲ ತೆಗೆಯುವುದು ನ್ಯಾಯವೇ, ಏಕೆಂದರೆ ನಾಳೆ ಬಳಸುವವರೂ ಪಾಲು ಕೊಡಬೇಕು. ದರ ಏರಿಸಲು ಹೆದರುವ ಜನಪ್ರತಿನಿಧಿಗಳು ಇದೇ ಮಾತನ್ನು ನೆಪವಾಗಿಸಿಕೊಂಡು, ವರ್ಷವರ್ಷ ಮಾಡಬೇಕಾದ ದುರಸ್ತಿಯನ್ನೂ ಮುಂದೂಡಿದಾಗ ಅನ್ಯಾಯ ಶುರು.

ಜೆಫರ್ಸನ್ ಕೌಂಟಿಯ ದಿವಾಳಿ

ಸಾಲ ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೆ ದೇಶದ ಇನ್ನೊಂದು ತುದಿಯ ಅಲಬಾಮ ರಾಜ್ಯದ ಜೆಫರ್ಸನ್ ಕೌಂಟಿ ಸಾಕ್ಷಿ. ಬರ್ಮಿಂಗ್‌ಹ್ಯಾಮ್ ಅದರ ಮುಖ್ಯ ನಗರ. ಕಹಾಬ ನದಿಗೆ ಕೊಳಚೆ ಉಕ್ಕುತ್ತಿದ್ದುದಕ್ಕೆ ಹೂಡಿದ ದಾವೆ 1996ರಲ್ಲಿ ಒಪ್ಪಂದದಲ್ಲಿ ಮುಗಿಯಿತು. ಪಟ್ಟಣಗಳ ಒಡೆದ ಚರಂಡಿಗಳನ್ನೆಲ್ಲ ಕೌಂಟಿಯೇ ವಹಿಸಿಕೊಂಡು ದುರಸ್ತಿ ಮಾಡಬೇಕಾಯಿತು. ಅಲ್ಲಿಯವರೆಗೆ ಕಥೆ ಕಿಂಗ್ ಕೌಂಟಿಯದಕ್ಕಿಂತ ಬೇರೆಯಲ್ಲ. ಆದರೆ ಗುತ್ತಿಗೆಗಳ ಸುತ್ತ ಲಂಚ ಹರಿದಾಡಿತು, ಖರ್ಚು ಉಬ್ಬಿತು. 2002-03ರಲ್ಲಿ ಸಾಲವನ್ನು ಸ್ಥಿರ ಬಡ್ಡಿಯಿಂದ ಏರಿಳಿಯುವ ಬಡ್ಡಿಗೆ ಬದಲಿಸಿ, ಆ ಏರಿಳಿತದಿಂದ ಕಾಪಾಡುತ್ತವೆಂದು ಬಡ್ಡಿ ವಿನಿಮಯದ ಒಪ್ಪಂದಗಳನ್ನು ಮೇಲಿಂದ ಮೇಲೆ ಮಾಡಿಕೊಂಡರು. ಮುಖ್ಯ ಬ್ಯಾಂಕು ಜೆಪಿ ಮಾರ್ಗನ್. ಒಳಚರಂಡಿ ಸಾಲ 300 ಕೋಟಿ ಡಾಲರ್ ದಾಟಿತು.

2008ರ ಹಣಕಾಸು ಬಿಕ್ಕಟ್ಟಿನಲ್ಲಿ ಈ ಬಾಂಡುಗಳಿಗೆ ವಿಮೆ ಕೊಟ್ಟಿದ್ದ ಕಂಪನಿಗಳ ದರ್ಜೆ ಕುಸಿಯಿತು, ಬಡ್ಡಿ ಹಾರಿತು, ರಕ್ಷಣೆ ಕೊಡಬೇಕಾದ ಒಪ್ಪಂದಗಳೇ ಉರುಳಾದವು. ಕೌಂಟಿ ಕಮಿಷನ್ನಿನ ಮಾಜಿ ಅಧ್ಯಕ್ಷ, ಮುಂದೆ ಬರ್ಮಿಂಗ್‌ಹ್ಯಾಮ್‌ನ ಮೇಯರ್ ಆದ ಲ್ಯಾರಿ ಲ್ಯಾಂಗ್‌ಫರ್ಡ್ ಮೇಲಿನ ಲಂಚದ ಆರೋಪ 2009ರಲ್ಲಿ ಸಾಬೀತಾಗಿ 15 ವರ್ಷ ಸಜೆಯಾಯಿತು. ಅದೇ ವರ್ಷ ಜೆಪಿ ಮಾರ್ಗನ್ ಷೇರುಪೇಟೆ ನಿಯಂತ್ರಣ ಆಯೋಗದೊಂದಿಗೆ ರಾಜಿ ಮಾಡಿಕೊಂಡು, ತನಗೆ ಬರಬೇಕೆಂದು ಹೇಳುತ್ತಿದ್ದ 64.7 ಕೋಟಿ ಡಾಲರಿನ ಶುಲ್ಕವನ್ನು ಬಿಟ್ಟುಕೊಟ್ಟಿತು. ಕೌಂಟಿಗೆ 5 ಕೋಟಿ, ದಂಡವಾಗಿ 2.5 ಕೋಟಿ ಡಾಲರ್ ಕೊಟ್ಟಿತು. ಅಷ್ಟರಿಂದ ಕೌಂಟಿ ಉಳಿಯಲಿಲ್ಲ. 2011ರ ನವೆಂಬರ್ 9ರಂದು, 400 ಕೋಟಿ ಡಾಲರಿಗೂ ಮೀರಿದ ಸಾಲದೊಂದಿಗೆ ದಿವಾಳಿ ಅರ್ಜಿ ಹಾಕಿತು. 2013ರಲ್ಲಿ ಡೆಟ್ರಾಯಿಟ್ ಮೀರಿಸುವವರೆಗೆ ದೇಶದ ಸ್ಥಳೀಯ ಸರ್ಕಾರವೊಂದರ ಅತಿ ದೊಡ್ಡ ದಿವಾಳಿ ಅದು.

2013ರ ಕೊನೆಗೆ ಸಾಲ ಕೊಟ್ಟವರು ದೊಡ್ಡ ಮೊತ್ತ ಬಿಟ್ಟುಕೊಟ್ಟು ಕೌಂಟಿ ದಿವಾಳಿಯಿಂದ ಹೊರಬಂತು. ಒಪ್ಪಂದದಂತೆ ಚರಂಡಿ ದರ ನಾಲ್ಕು ವರ್ಷ ಶೇ. 7.41ರಂತೆ, ಆಮೇಲೆ ವರ್ಷಕ್ಕೆ ಶೇ. 3.49ರಂತೆ ಏರುತ್ತ ಹೋಗಬೇಕು. ದರ ಏರಿಕೆ ನಿಂತಿಲ್ಲ. ಕಿಂಗ್ ಕೌಂಟಿಯ ಹಣಕಾಸು ಇಷ್ಟು ಹದಗೆಟ್ಟಿಲ್ಲ, ಅದರ ಬಾಂಡುಗಳಿಗೆ ಒಳ್ಳೆಯ ದರ್ಜೆಯಿದೆ. ಆದರೂ ಫೆಡರಲ್ ಆದೇಶದ ಗಡುವು ಮತ್ತು ಏರುವ ಸಾಲ ಎರಡೂ ಕಡೆ ಒಂದೇ ಬಗೆಯವು.

ಕಸ ಮತ್ತು ಮರುಬಳಕೆ

ಮೇಪಲ್ ವ್ಯಾಲಿ ಊರಿನ ಬಳಿ 920 ಎಕರೆಯಲ್ಲಿ ಹಬ್ಬಿರುವ ಸೀಡರ್ ಹಿಲ್ಸ್ ಕೌಂಟಿಯಲ್ಲಿ ಈಗ ನಡೆಯುತ್ತಿರುವ ಒಂದೇ ಕಸ ಹೂಳುವ ತಾಣ. 1960ರ ದಶಕದ ನಡುವೆ ಶುರುವಾಯಿತು. ಸಿಯಾಟಲ್ ಮತ್ತು ಮಿಲ್ಟನ್ ಬಿಟ್ಟು ಉಳಿದ 37 ನಗರಗಳ ಹಾಗೂ ಹಳ್ಳಿಗಾಡಿನ ಕಸ ಇಲ್ಲಿಗೆ ಬರುತ್ತದೆ. ವರ್ಷಕ್ಕೆ 8 ಲಕ್ಷ ಟನ್ನಿಗೂ ಹೆಚ್ಚು. ಸಿಯಾಟಲ್ ನಗರ 1991ರಿಂದ ತನ್ನ ಕಸವನ್ನು ರೈಲಿನಲ್ಲಿ ಆರೆಗನ್ ರಾಜ್ಯಕ್ಕೆ ಕಳಿಸುತ್ತಿದೆ. ಸೀಡರ್ ಹಿಲ್ಸ್‌ನ ಕಸದ ರಾಶಿಯಿಂದ ಏಳುವ ಅನಿಲವನ್ನು 2009ರಿಂದ ಶೋಧಿಸಿ ಗ್ಯಾಸ್ ಕೊಳವೆಗೆ ಸೇರಿಸುತ್ತಾರೆ. ರಾಶಿಯಿಂದ ಸೋರುವ ಕಪ್ಪು ರಸ ಒಳಚರಂಡಿಯ ಮೂಲಕ ರೆಂಟನ್ ಘಟಕಕ್ಕೆ ಹರಿಯುತ್ತದೆ. ಕಸದ ಇಲಾಖೆ, ಚರಂಡಿ ಇಲಾಖೆ ಕಾಗದದಲ್ಲಿ ಬೇರೆಬೇರೆಯಾದರೂ ನೆಲದಡಿ ಹೀಗೆ ಒಂದಾಗಿವೆ.

ಕಸದ ಲಾರಿಗಳು ಮೊದಲು ವರ್ಗಾವಣೆ ನಿಲ್ದಾಣಗಳಿಗೆ ಹೋಗುತ್ತವೆ. ದಶಕಗಳ ಹಿಂದೆ ಕಟ್ಟಿದ ಈ ಶೆಡ್ಡುಗಳನ್ನು ಒಂದೊಂದಾಗಿ ಕೆಡವಿ ಕಟ್ಟುತ್ತಿದ್ದಾರೆ: ಶೋರ್‌ಲೈನ್ 2008, ಬೋ ಲೇಕ್ 2013, ಫ್ಯಾಕ್ಟೋರಿಯ 2017. ಮನೆಬಾಗಿಲಿಂದ ಒಣಕಸ ಎತ್ತಿ ಬೇರ್ಪಡಿಸುವುದು ಮಾತ್ರ ನಗರಗಳೊಂದಿಗೆ ಗುತ್ತಿಗೆಯಿರುವ ಖಾಸಗಿ ಕಂಪನಿಗಳ ಕೆಲಸ.

ಕೌಂಟಿಯ ಕಸ ವಿಭಾಗದ ಮುಖ್ಯ ಆದಾಯ, ಬಂದು ಬೀಳುವ ಪ್ರತಿ ಟನ್ನಿಗೆ ವಸೂಲಿ ಮಾಡುವ ಶುಲ್ಕ. 2021ರಲ್ಲಿ 140.82 ಡಾಲರ್ ಇದ್ದದ್ದು 2023ಕ್ಕೆ 168.68 ಡಾಲರ್ ಆಯಿತು. ಮರುಬಳಕೆಯ ಪ್ರಚಾರ, ಶಾಲಾ ಶಿಕ್ಷಣ ಇವುಗಳ ಖರ್ಚೂ ಬಹುಮಟ್ಟಿಗೆ ಹೂಳುವ ಕಸದ ಶುಲ್ಕದಿಂದಲೇ ಬರುತ್ತದೆ. ಹೂಳುವುದು ತಗ್ಗಲಿ ಎಂದು ದುಡಿಯುವ ಇಲಾಖೆಗೆ ಹೂಳುವುದು ತಗ್ಗಿದಷ್ಟೂ ಆದಾಯ ತಗ್ಗುತ್ತದೆ. ಇದಕ್ಕೆ ಪರಿಹಾರವಾಗಿ ಟನ್ ಲೆಕ್ಕದಿಂದ ಹೊರತಾದ ಸ್ಥಿರ ವಾರ್ಷಿಕ ಶುಲ್ಕದತ್ತ ಕೌಂಟಿ ಹೊರಳಿದೆ.

ಮರುಬಳಕೆಯ ಆರ್ಥಿಕತೆ ಬಹುಕಾಲ ಖಾಲಿ ಹಡಗುಗಳ ಮೇಲೆ ನಿಂತಿತ್ತು. ಚೀನಾದಿಂದ ಸರಕು ತಂದ ಕಂಟೇನರುಗಳು ಸಿಯಾಟಲ್, ಟಕೋಮ ಬಂದರುಗಳಿಂದ ಬರಿದಾಗಿ ಹಿಂದಿರುಗುತ್ತಿದ್ದವು. ಅವುಗಳಲ್ಲಿ ರದ್ದಿ ಕಾಗದ, ಪ್ಲಾಸ್ಟಿಕ್ ತುಂಬಿ ಕಳಿಸುವುದು ಅಗ್ಗವಾಗಿತ್ತು. ಅಲ್ಲಿ ಕೂಲಿ ಕಡಿಮೆ, ಕೊಳೆತದ್ದನ್ನು ಕೈಯಿಂದ ಆರಿಸುತ್ತಿದ್ದರು. ಆದ್ದರಿಂದ ಇಲ್ಲಿ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕುವ ಅಭ್ಯಾಸ ಬೆಳೆಯಿತು, ಅದನ್ನೇ ಜಾಣತನ ಎಂದು ಹೊಗಳಿಕೊಳ್ಳಲಾಯಿತು. 2018ರ ಜನವರಿಯಲ್ಲಿ ಚೀನಾ ಬೆರಕೆ ಕಾಗದದ ಆಮದನ್ನೇ ನಿಲ್ಲಿಸಿತು. ಉಳಿದ ರದ್ದಿಯಲ್ಲಿ ಕಲಬೆರಕೆ ಶೇ. 0.5ಕ್ಕಿಂತ ಹೆಚ್ಚಿರಬಾರದು ಎಂದಿತು. ಅಮೆರಿಕದ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಕಾಗದದ ಪಿಂಡಿಗಳು ಬೆಟ್ಟದಂತೆ ಬಿದ್ದವು. ಕಾಸು ತರುತ್ತಿದ್ದ ಸರಕನ್ನು ಕಾಸು ಕೊಟ್ಟು ಸಾಗಹಾಕುವ ಸ್ಥಿತಿ ಬಂತು. ಕೌಂಟಿ ಅದೇ ವರ್ಷ ನಗರಗಳನ್ನೂ ಕಂಪನಿಗಳನ್ನೂ ಕೂಡಿಸಿ ಕಾರ್ಯಪಡೆ ರಚಿಸಿತು. ತೊಳೆದು ಒಣಗಿಸಿ ಹಾಕಿ, ಪ್ಲಾಸ್ಟಿಕ್ ಚೀಲ ಹಾಕಬೇಡಿ ಎಂಬ ಪ್ರಚಾರ ಊರೆಲ್ಲ ನಡೆಯಿತು.

ಸೀಡರ್ ಹಿಲ್ಸ್‌ಗೆ ಬರುವ ಕಸದಲ್ಲಿ ಶೇ. 70ರಷ್ಟು ಮರುಬಳಸಬಹುದಾದ, ಗೊಬ್ಬರ ಮಾಡಬಹುದಾದ ವಸ್ತುವೇ ಎಂದು ಕೌಂಟಿಯ ಅಂದಾಜು. ಅದರಲ್ಲಿ ಆಹಾರದ ಪಾಲು ದೊಡ್ಡದು. 2022ರಲ್ಲಿ ರೀ ಪ್ಲಸ್ ಎಂಬ ಯೋಜನೆ ಪ್ರಕಟಿಸಿ, 2030ರ ಹೊತ್ತಿಗೆ ಬೆಲೆಯಿರುವ ಯಾವ ವಸ್ತುವೂ ಹೂಳುಗುಂಡಿ ಸೇರಬಾರದು ಎಂಬ ಗುರಿ ಇಟ್ಟುಕೊಂಡಿತು. ಗುರಿ ಅತಿ ಮಹತ್ವಾಕಾಂಕ್ಷೆಯದು. ಮರುಬಳಕೆಯ ಪ್ರಮಾಣ ವರ್ಷಗಟ್ಟಲೆ ಅರ್ಧದ ಆಸುಪಾಸಿನಲ್ಲೇ ನಿಂತಿದೆ. ಇದಕ್ಕಿಂತ ಹೆಚ್ಚು ಫಲ ಕೊಡಬಹುದಾದದ್ದು 2025ರ ಮೇ ತಿಂಗಳಲ್ಲಿ ರಾಜ್ಯಪಾಲ ಬಾಬ್ ಫರ್ಗುಸನ್ ಸಹಿ ಮಾಡಿದ ಮರುಬಳಕೆ ಸುಧಾರಣಾ ಕಾಯಿದೆ. ಪೊಟ್ಟಣ, ಡಬ್ಬಿ, ಕಾಗದ ಮಾರುವ ಕಂಪನಿಗಳೇ ಅವುಗಳ ಮರುಬಳಕೆಯ ಖರ್ಚು ಹೊರಬೇಕೆಂದು ಅದು ವಿಧಿಸುತ್ತದೆ. ಅದು ಹಂತಹಂತವಾಗಿ ಜಾರಿಗೆ ಬರಬೇಕು. ಬಳಸುವವರ ಬಿಲ್ಲಿನಿಂದ ತಯಾರಿಸುವವರ ಲೆಕ್ಕಕ್ಕೆ ಹೊರೆ ಜರುಗುವುದು ಕೌಂಟಿಯ ಈ ಸೇವೆಗಳ ಇತಿಹಾಸದಲ್ಲಿ ಹೊಸ ಸಂಗತಿ. ಕೊಳಚೆಯ ಕಡೆ ಅಂಥ ದಾರಿ ಇನ್ನೂ ತೆರೆದಿಲ್ಲ, ಪಿಫಾಸ್ ತಯಾರಕರ ಮೇಲಿನ ದಾವೆಗಳನ್ನು ಬಿಟ್ಟರೆ.

ಮುಂದಿನ ಒಪ್ಪಂದಗಳು

ಸ್ಥಳೀಯ ಸಂಸ್ಥೆಗಳೊಂದಿಗಿನ ಒಳಚರಂಡಿ ಒಪ್ಪಂದಗಳು 2036ಕ್ಕೆ, ಕಸದ ಒಪ್ಪಂದಗಳು 2040ಕ್ಕೆ ಮುಗಿಯುತ್ತವೆ. ಇದು ಬರಿಯ ಕಾಗದದ ವಿಷಯವಲ್ಲ. ಮೂವತ್ತು ವರ್ಷದ ಬಾಂಡು ಕೊಳ್ಳುವವರಿಗೆ ಆದಾಯದ ಒಪ್ಪಂದ ಹತ್ತೇ ವರ್ಷದಲ್ಲಿ ಮುಗಿಯುವುದು ಕಂಡರೆ ಹೆಚ್ಚು ಬಡ್ಡಿ ಕೇಳುತ್ತಾರೆ. ನಗರಗಳಿಗೆ ಇದು ಚೌಕಾಸಿಯ ಕಾಲ: ಸಿಯಾಟಲ್‌ನ ಹಳೆಯ ಬೆರಕೆ ಕೊಳವೆಗಳ ದುರಸ್ತಿಗೆ ಹೊರವಲಯದವರು ಏಕೆ ಕೊಡಬೇಕು, ಹೊರವಲಯ ಬೆಳೆದದ್ದಕ್ಕಾಗಿ ಕಟ್ಟಿದ ಬ್ರೈಟ್‌ವಾಟರ್‌ಗೆ ಸಿಯಾಟಲ್ ಏಕೆ ಕೊಟ್ಟಿತು ಎಂಬ ಹಳೆಯ ಲೆಕ್ಕಗಳು ಮತ್ತೆ ಮೇಜಿಗೆ ಬರುತ್ತವೆ.

ಸೀಡರ್ ಹಿಲ್ಸ್ ಕೂಡ 2040ರ ಸುಮಾರಿಗೆ ತುಂಬುವ ನಿರೀಕ್ಷೆ. ಆಮೇಲೆ ಸಿಯಾಟಲ್‌ನಂತೆ ರೈಲಿನಲ್ಲಿ ಹೊರಗೆ ಕಳಿಸುವುದೋ, ಸುಟ್ಟು ವಿದ್ಯುತ್ ತೆಗೆಯುವುದೋ ಎಂಬ ಚರ್ಚೆ ನಡೆದಿದೆ. ಯಾವುದನ್ನು ಆರಿಸಿದರೂ ಜಾಗ, ಪರವಾನಗಿ, ಕಟ್ಟಡಗಳಿಗೆ ಹತ್ತು ವರ್ಷದಷ್ಟು ಸಮಯ ಬೇಕು. ಮುಚ್ಚಿದ ತಾಣದ ಕೆಳಗಿನ ಅಂತರ್ಜಲವನ್ನೂ ಅನಿಲವನ್ನೂ ದಶಕಗಟ್ಟಲೆ ಪರೀಕ್ಷಿಸುತ್ತಿರಬೇಕೆಂಬ ಕಾನೂನಿದೆ. ಅದರ ಖರ್ಚಿನ ನಿಧಿಯನ್ನು ಇಂದು ಬೀಳುವ ಕಸದ ಟನ್ ಶುಲ್ಕದಿಂದ ಈಗಲೇ ಕೂಡಿಡುತ್ತಿದ್ದಾರೆ.